ನೋವೇ ಇಲ್ಲದ ಕೈ, ರೆಪ್ಪಿ ಬಡಿಯದ ಕಣ್ಣು

ಅಡಗಿ ಮನ್ಯಾಗ ಒಮ್ಮೆನೂ ಕೈ ಸುಟ್ಟುಗೊಳ್ಳದ ಹೆಣ್ಮಕ್ಕಳು ಯಾರರೆ ಇದ್ದೀರೇನ್ರಿ? ಇರ್ಲಿಕ್ಕಿಲ್ಲ. ಭಕ್ರಿ ತಿರವೂ ಮುಂದ ಹಂಚಿಗೆ ಬಟ್ಟು ತಾಗ್ತದ, ಒಗ್ಗರಣಿ ಸಿಡೀತದ, ಈಳಿಗಿ ಕುಯ್ತದ. 'ಅಯ್ಯ ನಮ್ಮವ್ವ' ಅಂತ ಕೈ ಹಿಂದಕ್ಕ ಎಳಕೊತೀವಿ, ತಣ್ಣೀರಾಗ ಇಡತೀವಿ, ಮತ್ತ ಕೆಲಸಕ್ಕ ಹತ್ತತೀವಿ. ಆ ಹೊತ್ತಿನ್ಯಾಗ ನೋವಿಗೆ ಬೈತೀವಿ. ಆದ್ರ ಆ ನೋವು ಬರಲೇ ಇಲ್ಲಾಂದ್ರ ಏನಾಗ್ತಿತ್ತು ಅಂತ ಎಂದರೆ ವಿಚಾರ ಮಾಡೀರೇನು? ಆ ಒಂದು ಪ್ರಶ್ನೆ ಬೆನ್ನು ಹತ್ತಿ, ತಮಿಳುನಾಡಿನ ವೆಲ್ಲೂರಿನ್ಯಾಗ ಹತ್ತೊಂಬತ್ತು-ಇಪ್ಪತ್ತು ವರ್ಷ ಬಡವರ ಸೇವಾ ಮಾಡಿದ ಒಂದು ಜೋಡಿ ಕತಿ ಇವತ್ತ ಹೇಳ್ತೀನಿ. ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತ ಅವರ ಹೆಂಡ್ತಿ ಡಾಕ್ಟರ್ ಮಾರ್ಗರೇಟ್ ಬ್ರ್ಯಾಂಡ್. ಕೊನೀಗೆ ಈ ಕತಿ ನಮ್ಮ ನಿಮ್ಮ ಮನೀಗೇ ಬರ್ತದ, ಅದಕ್ಕ ಪೂರ್ತಿ ಓದ್ರಿ.

ನಮ್ಮ ಕಡೆ ಮನ್ಯಾಗ ಯಾರಿಗರೆ ದೊಡ್ಡ ಜಡ್ಡು ಬಂತಂದ್ರ ಹಿರ್ಯಾರು ಎರಡು ಊರಿನ ಹೆಸರು ತಗೀತಾರ. ಒಂದು ಮಿರಜ, ಇನ್ನೊಂದು ವೆಲ್ಲೂರು. ಎರಡೂ ಮಿಷನ್ ದವಾಖಾನಿ. ವೆಲ್ಲೂರಿನ ದವಾಖಾನಿ ಚಾಲೂ ಮಾಡಿದಾಕಿ ಒಬ್ಬ ಹೆಣ್ಮಗಳು, ಐಡಾ ಸ್ಕಡರ್. ಅಮೇರಿಕಾದಾಕಿ, ಆದ್ರ ಹುಟ್ಟಿದ್ದು ಇಲ್ಲೇ, ಮಿಷನರಿ ಡಾಕ್ಟರ ಮಗಳು. ಒಂದ ರಾತ್ರಿ ಮೂರು ಮನೀ ಗಂಡಸರು ಒಬ್ಬರ ಹಿಂದ ಒಬ್ಬರು ಬಂದು, 'ನಮ್ಮ ಹೆಂಡ್ತಿ ಬ್ಯಾನಿ ತಿನ್ನಲಿಕತ್ತಾಳ, ನೀ ಬಾ' ಅಂತ ಆಕೀನ್ನ ಕರದರು. ಆಕಿ ಇನ್ನೂ ಡಾಕ್ಟರ್ ಆಗಿರಲಿಲ್ಲ. 'ನಮ್ಮ ಅಪ್ಪ ಡಾಕ್ಟರ್ ಇದ್ದಾರ, ಅವರು ಬರ್ತಾರ' ಅಂದ್ರ, ಪರಗಂಡಸು ನಮ್ಮ ಹೆಂಗಸರನ್ನ ಮುಟ್ಟಬಾರದು ಅಂತ ಮೂವರೂ ಹೊಳ್ಳಿ ಹೋದರು. ಬೆಳಕು ಹರಿಯೋದ್ರಾಗ ಮೂರೂ ಹೆಣ್ಮಕ್ಕಳು ಸತ್ತಿದ್ದರು. ಆಮ್ಯಾಲೆ ಐಡಾ ಅಮೇರಿಕಾಕ್ಕ ಹೋಗಿ ಡಾಕ್ಟರಕಿ ಕಲತು ಬಂದು, 1900ರಾಗ ಒಂದೇ ಒಂದು ಹಾಸಗಿ ಇಟ್ಟು ದವಾಖಾನಿ ಚಾಲೂ ಮಾಡಿದರು. 1918ರಾಗ ಹೆಣ್ಮಕ್ಕಳಿಗೇ ಅಂತ ವೈದ್ಯಕೀಯ ಶಾಲಿ ತಗದರು. ಬ್ರ್ಯಾಂಡ್ ಗಂಡಾ-ಹೆಂಡ್ತಿ ಬಂದು ಸೇರಿದ್ದು ಈ ದವಾಖಾನಿಗೇ.

ಆದ್ರ ಪಾಲ್ ಅವರ ಕತಿ ಅವರ ಅಪ್ಪಾ-ಅವ್ವನ್ನ ಬಿಟ್ಟು ಹೇಳ್ಲಿಕ್ಕೆ ಬರಂಗಿಲ್ಲ. ಅವರದೂ ಒಂದು ಜೋಡಿನೇ. ಅಪ್ಪ ಜೆಸ್ಸಿ, ಅವ್ವ ಎವೆಲಿನ್. ಇಂಗ್ಲಂಡಿನಿಂದ ಬಂದು ತಮಿಳುನಾಡಿನ ಕೊಲ್ಲಿ ಗುಡ್ಡದ ಮ್ಯಾಲೆ ಮನೀ ಕಟ್ಟಿಕೊಂಡು ನಿಂತವರು. ಪಾಲ್ ಹುಟ್ಟಿದ್ದು 1914ರಾಗ, ಸಣ್ಣಂದಿರತ ಬೆಳದದ್ದು ಆ ಗುಡ್ಡದಾಗೇ. ಅಲ್ಲಿ ದಾರಿ ಇಲ್ಲ, ದೀಪ ಇಲ್ಲ, ಬರೇ ಮಲೇರಿಯಾ. ಜೆಸ್ಸಿ ಅವರು ಪೂರ್ತಿ ಡಾಕ್ಟರ್ ಅಲ್ಲ, ಮಿಷನ್ ಕೆಲಸಕ್ಕ ಬರೂ ಮುಂದ ಅಷ್ಟಕ್ಕಷ್ಟೇ ವೈದ್ಯಕೀ ಕಲತಿದ್ದರು. ಹಲ್ಲು ಕೀಳೋದು, ಹುಣ್ಣು ತೊಳೆಯೋದು, ಕಾಲಾಗ ಬೆಳೆಯೋ ನಾರಹುಳ ಕಡ್ಡಿಗೆ ಸುತ್ತಿ ಮೆಲ್ಲಕ ಹೊರಗ ಎಳೆಯೋದು, ಇಂಥಾವೇ ಕೆಲಸ. ಉಳದ ಹೊತ್ತಿನ್ಯಾಗ ಬಡಿಗತನ, ಗೌಂಡಿ ಕೆಲಸ ಕಲಸೋದು.

ಮಿಷನ್ ಅಂದ ಕೂಡಲೇ ನಮ್ಮ ಮಂದಿ ಮನಸಿನ್ಯಾಗ ಒಂದು ಪ್ರಶ್ನೆ ಏಳ್ತದ, ನನಗ ಗೊತ್ತದ. 'ಮಂದೀನ್ನ ತಮ್ಮ ಧರ್ಮಕ್ಕ ಎಳಕೊಳ್ಳಿಕ್ಕೆ ಬಂದಿದ್ದರಲಾ?' ಅಂತ. ಹೌದು, ಅವರು ಕ್ರಿಸ್ತನ ಭಕ್ತರು, ತಮ್ಮ ದೇವರ ಮಾತು ಹೇಳಲಿಕ್ಕಂತನೇ ಬಂದವರು, ಅದನ್ನ ಮುಚ್ಚಿಟ್ಟವರಲ್ಲ. ಆದ್ರ ವರ್ಷಗಟ್ಟಲೆ ಗುಡ್ಡದ ಮ್ಯಾಲೆ ಅವರ ಮಾತು ಯಾರೂ ಕಿವೀಗೆ ಹಾಕ್ಕೊಳ್ಳಲಿಲ್ಲ. ಅಲ್ಲಿಯ ಪೂಜಾರಿ ಅಂತೂ ಅವರ ಕಡೆ ಯಾರೂ ಹೋಗದಂಗ ನೋಡಿಕೊಳ್ತಿದ್ದ. ಆದರೂ ಔಷಧ ಕೊಡೋದು ನಿಲ್ಲಿಸಲಿಲ್ಲ. ಮುಂದ ದೊಡ್ಡ ಜ್ವರದ ಸಾಥಿ ಬಂದು ಅದೇ ಪೂಜಾರಿ ಸಾಯೋ ಹೊತ್ತಿಗೆ, ತನ್ನ ಮಕ್ಕಳನ್ನ ಯಾರ ಕೈಯಾಗ ಹಾಕಿದ ಗೊತ್ತೇನ್ರಿ? ಈ ಗಂಡಾ-ಹೆಂಡ್ತಿ ಕೈಯಾಗ. ಜಡ್ಡು ಬಂದಾಗ ಬಾಗಲಕ್ಕ ಬರೂ ಮಂದಿ ಯಾರು ಅಂತ ಅಂವಗ ಗೊತ್ತಾಗಿತ್ತು. ಧರ್ಮದ ಲೆಕ್ಕ ದೇವರು ನೋಡಿಕೊಳ್ಳಲಿ, ಈ ಲೆಕ್ಕ ನಮ್ಮಂಥವರಿಗೂ ತಿಳೀತದ.

ಒಂದು ಮಾತು ಮಾತ್ರ ನನ್ನ ಎದ್ಯಾಗ ಚುಚ್ಚತದ. ಪಾಲ್ ಒಂಬತ್ತು ವರ್ಷದ ಹುಡುಗ ಇದ್ದಾಗ, ತಂಗಿ ಜೋಡಿ ಅವನನ್ನ ಇಂಗ್ಲಂಡಿನ್ಯಾಗ ಅತ್ತಿ-ಮಾವಶಿಗೋಳ ಕಡೆ ಸಾಲಿಗೆ ಬಿಟ್ಟು ಅಪ್ಪಾ-ಅವ್ವ ಗುಡ್ಡಕ್ಕ ಹೊಳ್ಳಿ ಬಂದರು. ಅದು 1923. ಪತ್ರ ಹಡಗದಾಗ ಬರಬೇಕು. 1929ರಾಗ ಜೆಸ್ಸಿ ಅವರಿಗೆ ಮಲೇರಿಯಾ ತಿರಗಿ ಬಿದ್ದು, ಆ ಗುಡ್ಡದ ಮ್ಯಾಲೇ ತೀರಿಕೊಂಡರು. ತಂತಿ ಮೊದಲ ಮುಟ್ಟಿತು, ಪತ್ರಗೋಳು ಆಮ್ಯಾಲೆ ಬಂದವು. ಅಪ್ಪ ಸತ್ತು ವಾರಗಟ್ಟಲೆ ಆದಮ್ಯಾಲೂ, ಅಪ್ಪನ ಕೈಯಾರೆ ಬರದ ಪತ್ರ, ಅಡವ್ಯಾಗಿನ ಗಿಡಾ-ಪಕ್ಷಿ ಸುದ್ದಿ ತುಂಬಿದ ಪತ್ರ, ಆ ಹದಿನಾಲ್ಕು ವರ್ಷದ ಹುಡುಗನ ಕೈಗೆ ಬರ್ತಾನೇ ಇದ್ದವು. ಆರು ವರ್ಷದ ಹಿಂದ ನೋಡಿದ ಅಪ್ಪನ ಮುಖಾನೇ ಕೊನೀದು ಆತು. ಸೇವಾ ಅಂತ ನಾವು ಕೈ ಮುಗೀತೀವಿ. ಆದ್ರ ಅದರ ಬೆಲೆ ಕೊಟ್ಟವರು ಆ ಇಬ್ಬರಷ್ಟೇ ಅಲ್ಲ, ಕೇಳದನೇ ಆ ಮಕ್ಕಳ ಕಡೀಂದೂ ವಸೂಲಾಗ್ಯದ. ಇದು ಸರೀನೋ ತಪ್ಪೋ ಅಂತ ನಾ ತೀರ್ಪು ಕೊಡಂಗಿಲ್ಲ. ತಾಯಂದಿರು ನೀವೇ ವಿಚಾರ ಮಾಡ್ರಿ.

ಎವೆಲಿನ್ ಬಾಯಿ ಅವರದು ಬ್ಯಾರೆನೇ ಗಟ್ಟಿ ಜೀವ. ಗಂಡ ಹೋದಮ್ಯಾಲೆ ಇಂಗ್ಲಂಡಿಗೆ ಹೋಗಿ, ಮತ್ತ ಹಿಂದೂಸ್ಥಾನಕ್ಕ ಬಂದರು. ವಯಸ್ಸಾತು ಅಂತ ಮಿಷನ್ನಿನವರು ನಿವೃತ್ತಿ ಕೊಟ್ಟರು. ಈಕಿ ಊರಿಗೆ ಹೋಗೋದು ಬಿಟ್ಟು ತನ್ನ ಪಾಡಿಗೆ ತಾನು ಮತ್ತ ಗುಡ್ಡ ಹತ್ತಿದರು. ಸಣ್ಣ ಕುದರಿ ಮ್ಯಾಲೆ ಕೂತು ಹಳ್ಳಿ ಹಳ್ಳಿ ತಿರಗೋದು, ಬಿದ್ದು ಎಲವು ಮುರಕೊಂಡಮ್ಯಾಲೆ ಎರಡು ಬಿದರಿನ ಕೋಲು ಹಿಡಕೊಂಡು ನಡಿಯೋದು. ಮಗ ದೊಡ್ಡ ಡಾಕ್ಟರ್ ಆಗಿ 'ಸಾಕು ಬಿಡವ್ವ' ಅಂದರೂ ಕೇಳಲಿಲ್ಲ. ಕಡೀ ಇಪ್ಪತ್ತು ವರ್ಷ ಮನ್ಯಾಗ ಕನ್ನಡೀನೇ ಇಟ್ಟುಗೊಂಡಿರಲಿಲ್ಲಂತ. ತೊಂಬತ್ತು ದಾಟಿದರೂ ಹಳ್ಳಿ ತಿರಗತಿದ್ದರು. 1974ರಾಗ, ತೊಂಬತ್ತೈದನೇ ವರ್ಷಕ್ಕ ತೀರಿಕೊಂಡಾಗ ಅದೇ ಗುಡ್ಡದಾಗ ಗಂಡನ ಬಾಜೂಕ ಮಣ್ಣು ಮಾಡಿದರು. ಗಂಡ ಹೋಗಿ ನಲವತ್ತೈದು ವರ್ಷ ಆಗಿತ್ತು.

ಈಗ ಮಗಾ-ಸೊಸಿ ಕತೀಗೆ ಬರೋಣ. ಪಾಲ್ ಮೊದಲ ಡಾಕ್ಟರಕಿ ಒಲ್ಲೆ ಅಂದಿದ್ದರು. ಅಪ್ಪ ಹುಣ್ಣು ಕೊಯ್ಯೋದು, ಕೀವು ತಗಿಯೋದು ನೋಡಿ ನೋಡಿ ಹೇಸಿಗಿ ಬಂದಿತ್ತು. ಬಡಿಗತನ, ಕಟ್ಟಡದ ಕೆಲಸ ವರ್ಷಗಟ್ಟಲೆ ಕಲತರು. ಆಮ್ಯಾಲೆ ಮನಸ್ಸು ತಿರಗಿ ಲಂಡನ್ನಿನ್ಯಾಗ ಡಾಕ್ಟರಕಿಗೆ ಸೇರಿದರು. ಅಲ್ಲೇ ಜೋಡಿ ಓದತಿದ್ದ ಹುಡಗಿ ಮಾರ್ಗರೇಟ್ ಬೆರ್ರಿ. ಯುದ್ಧದ ನಡುವ, 1943ರಾಗ ಲಗ್ನ ಆದರು. 1946ರಾಗ ಪಾಲ್ ಒಬ್ಬರೇ ವೆಲ್ಲೂರಿಗೆ ಬಂದರು. ಮುಂದಿನ ವರ್ಷ ಮಾರ್ಗರೇಟ್ ಸಣ್ಣ ಮಕ್ಕಳನ್ನ ಕಟಿಗೊಂಡು ಹಡಗು ಹತ್ತಿ ಬಂದರು. ಮುಂದ ಅವರು ಆರು ಮಕ್ಕಳ ತಾಯಿ ಆದರು.

1947ರಾಗ ಪಾಲ್ ಅವರನ್ನ ಡಾಕ್ಟರ್ ರಾಬರ್ಟ್ ಕೊಕ್ರೇನ್ ಅನ್ನೋ ಕುಷ್ಠರೋಗದ ದೊಡ್ಡ ತಜ್ಞರು ಚೆಂಗಲಪಟ್ಟಿನ ಕುಷ್ಠರೋಗಿಗಳ ಆಶ್ರಮಕ್ಕ ಕರಕೊಂಡು ಹೋದರು. ನಮ್ಮಲ್ಲಿ ಹಿರ್ಯಾರು ಈ ರೋಗದ ಹೆಸರು ಬಾಯಿಬಿಟ್ಟು ಹೇಳ್ತಿರಲಿಲ್ಲ, 'ದೊಡ್ಡ ರೋಗ' ಅಂತಿದ್ದರು. ಅಲ್ಲಿ ಪಾಲ್ ನೋಡಿದ್ದೆಲ್ಲಾ ಕೈಗೋಳು. ಹದ್ದಿನ ಉಗರಿನಂಗ ಮಡಚಿಕೊಂಡ ಕೈ, ಬಟ್ಟು ಮೋಟಾದ ಕೈ. 'ಇವಕ್ಕ ಯಾಕ ಏನೂ ಮಾಡಂಗಿಲ್ಲ?' ಅಂತ ಕೇಳಿದ್ರ, ಕೊಕ್ರೇನ್ ಅವರು 'ನಾ ಚರ್ಮದ ಡಾಕ್ಟರ್, ಎಲವು-ಕೀಲಿನ ಡಾಕ್ಟರ್ ನೀನು, ನಿಮ್ಮವರು ಒಬ್ಬರೂ ಈ ಕಡೆ ಹೊಳ್ಳಿ ನೋಡಿಲ್ಲ' ಅನ್ನೋ ಅರ್ಥದಾಗ ತಿರಗಿಸಿ ಕೊಟ್ಟರು. ಪಾಲ್ ಒಬ್ಬ ರೋಗಿ ಕೈ ತಮ್ಮ ಕೈಯಾಗ ಹಿಡದು, 'ಒತ್ತಿ ಹಿಡಿ' ಅಂದರು. ಅಂವ ಹಿಡದ ಹಿಡತಕ್ಕ ಇವರಿಗೇ ನೋವಾಗಿ ಚೀರೂ ಹಂಗ ಆತು. ಅಲ್ಲೇ ಅವರಿಗೆ ಹೊಳೀತು. ಈ ಕೈ ಸತ್ತಿಲ್ಲ. ಇದರಾಗ ಇನ್ನೂ ಗಟ್ಟಿ ಸ್ನಾಯು ಅದ, ಸೊರಗಿದ್ದು ಕೆಲವೇ ಕೆಲವು. ಒಳ್ಳೆ ಸ್ನಾಯುವಿನ ತುದೀ ತಗದು ಬಟ್ಟಿಗೆ ಜೋಡಿಸಿದ್ರ ಕೈ ಮತ್ತ ತೆರೀಬೇಕಲಾ?

ಬಡಿಗತನ ಕಲತ ಕೈ ಇಲ್ಲಿ ಉಪಯೋಗಕ್ಕ ಬಂತು. ಮೊಳಕೈ ಕೆಳಗಿನ ಗಟ್ಟಿ ಸ್ನಾಯುವಿನ ತುದೀ ಸೀಳಿ, ನಾಕೂ ಬಟ್ಟಿಗೆ ಹಂಚಿ ಹೊಲಿಯೋ ಶಸ್ತ್ರಚಿಕಿತ್ಸೆ ಕುಷ್ಠರೋಗಿಗಳ ಕೈಗೆ ಅವರು ಮಾಡಿ ತೋರಿಸಿದರು. ಮಡಚಿದ ಬಟ್ಟು ಬಿಚ್ಚಿದವು. ತುತ್ತು ಕಲಸಿ ತಾವೇ ಉಣ್ಣೋ ಹಂಗ ಆದರು. ಪರರ ಕೈಯಾಗ ಉಂಡವರಿಗೆ ಇದರ ಬೆಲೆ ಗೊತ್ತು.

ಆದ್ರ ನೋಡ್ರಿ, ಕೈ ನೆಟ್ಟಗ ಆದ ಮಂದಿನೇ ಹೊಳ್ಳಿ ಬಂದು ಅಳ್ಳಿಕ್ಕೆ ಹತ್ತಿದರು. 'ಡಾಕ್ಟರೆ, ನೀವು ಕೊಟ್ಟ ಕೈಗೆ ಭಿಕ್ಷಾ ಬೀಳಂಗಿಲ್ಲ' ಅಂತ! ಮೊದಲಿನ ಮುರುಟಿದ ಕೈ ನೋಡಿ ಮಂದಿ ದುಡ್ಡು ಹಾಕ್ತಿದ್ದರು. ಈಗ ಕೈ ಚಂದ ಆಗ್ಯಾವ, ಆದ್ರ ಕೆಲಸ ಯಾರೂ ಕೊಡಂಗಿಲ್ಲ, ಮನೀ ಬಾಡಗಿ ಕೊಡಂಗಿಲ್ಲ, ಬಸ್ಸಿನ್ಯಾಗ ಕೂಡಸಂಗಿಲ್ಲ. ಇದು ಕೇಳಿದಮ್ಯಾಲೆ ಬ್ರ್ಯಾಂಡ್ ಅವರು ಕಾಲೇಜಿನ ಆವಾರದಾಗೇ ನವಜೀವ ನಿಲಯ ಅಂತ ಒಂದು ಸಣ್ಣ ಹಳ್ಳಿನೇ ಕಟ್ಟಿದರು. ಮಣ್ಣಿನ ಗ್ವಾಡಿ ಗುಡಿಸಲಾ, ಒಂದು ಬಡಿಗತನದ ಶೆಡ್ಡು. ಕೈ ನೆಟ್ಟಗಾದ ಹುಡುಗರಿಗೆ ಅಲ್ಲಿ ಕಟ್ಟಿಗಿ ಆಟಗಿ ಸಾಮಾನು ಮಾಡೋದು ಕಲಸಿದರು. ಡಾಕ್ಟರ್ ತಾವೇ ಗರಗಸಾ ಹಿಡದು ನಿಲ್ಲತಿದ್ದರು.

ಆ ಶೆಡ್ಡಿನ್ಯಾಗೇ ದೊಡ್ಡ ಗುಟ್ಟು ತಿಳದದ್ದು. ಆಗ ಎಲ್ಲಾರೂ ತಿಳಕೊಂಡಿದ್ದು ಏನಂದ್ರ, ಈ ರೋಗ ಬಂದ್ರ ಮಾಂಸ ತಾನೇ ಕೊಳೀತದ, ಬಟ್ಟು ತಾವೇ ಉದರತಾವ ಅಂತ. ಪಾಲ್ ಕಣ್ಣಾರೆ ನೋಡಿದ್ದು ಬ್ಯಾರೆ. ಒಮ್ಮೆ ತುಕ್ಕು ಹಿಡದ ಕೀಲಿ ಅವರ ಕೈಲೆ ತೆರೀವಲ್ಲದಾಗಿತ್ತು. ಒಬ್ಬ ಸಣ್ಣ ಹುಡುಗ ಬಂದು 'ನಾ ತಗೀತೀನಿ' ಅಂತ ಟಕ್ ಅಂತ ತಿರಗಿಸಿದ. ಇಷ್ಟು ಶಕ್ತಿ ಎಲ್ಲಿಂದ ಬಂತು ಅಂತ ನೋಡಿದ್ರ ನೆಲದ ಮ್ಯಾಲೆ ರಕ್ತದ ಹನಿ. ಕೀಲಿಕೈ ಹುಡುಗನ ಬಟ್ಟು ಕುಯ್ದು ಎಲವಿನ ತನಕ ಹೋಗ್ಯದ, ಅಂವಗ ಖಬರೇ ಇಲ್ಲ! ಇನ್ನೊಮ್ಮೆ ಒಬ್ಬಾಕಿ ಕೆಂಡದ ಮ್ಯಾಲೆ ಗಡ್ಡಿ ಸುಡತಿದ್ಲು, ಗಡ್ಡಿ ಜಾರಿ ಕೆಂಡದಾಗ ಬಿತ್ತು. ಬಾಜೂಕಿನ ಮುದಕ ಬರಿಗೈ ಬೆಂಕ್ಯಾಗ ಹಾಕಿ ತಗದು ಆಕಿ ಕೈಯಾಗ ಕೊಟ್ಟು, ಮತ್ತ ಸುಮ್ಮ ಕೂತ.

ತಿಳೀತಲ್ರಿ? ರೋಗದ ಕ್ರಿಮಿ ಬಟ್ಟು ತಿನ್ನಂಗಿಲ್ಲ. ನೋವು ಹೇಳೋ ನರಾ ಸಾಯಸ್ತದ. ಉಳದದ್ದು ದಿನದ ಬಾಳೇವು ಮಾಡ್ತದ. ಬಿಸಿ ಬೋಗುಣಿ, ಮೊಳಿ ಎದ್ದ ಗುದ್ದಲಿ ಹಿಡಕಿ, ಚಪ್ಪಲಿಯಾಗಿನ ಹಳ್ಳು. ನಮಗ ನೋವಾದ್ರ ಕುಂಟಕೋತ ನಡೀತೀವಿ, ಭಾರ ಆ ಕಡೆ ಈ ಕಡೆ ಹಾಕ್ತೀವಿ, ಗಾಯಕ್ಕ ವಿಶ್ರಾಂತಿ ಸಿಗತದ. ಅವರು ಗಾಯದ ಮ್ಯಾಲೇ ಸರಳ ನಡೀತಾರ. ಅದಕ್ಕ ಹುಣ್ಣು ಮಾಯಂಗಿಲ್ಲ. ಇದಕ್ಕ ಪಾಲ್ ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಹಾಕಿ ಭಾರ ಹಂಚಿದರು. ವರ್ಷಗಟ್ಟಲೆ ಮಾಯದ ಹುಣ್ಣು ಮಾಯ್ದವು. ಅವರ ಮಾಂಸ 'ಕೆಟ್ಟ ಮಾಂಸ' ಅಲ್ಲ, ನಮ್ಮ ನಿಮ್ಮಂಥದೇ ಅಂತ ಸಿದ್ಧ ಆತು.

ಆದರೂ ಒಂದು ಬಗೀಹರಿಲಿಲ್ಲ. ರಾತ್ರಿ ಮಲಗೂ ಮುಂದ ನೆಟ್ಟಗಿದ್ದ ಬಟ್ಟು ಮುಂಜಾನೆ ಏಳೋದ್ರಾಗ ಇಲ್ಲ! ಅದೂ ರಕ್ಷಾ ಮಾಡಿಕೊಂಡವರದು. ರಾತ್ರಿ ಕಾದು ನೋಡಿದರು. ಇಲಿ ಬಂದು ಬಟ್ಟು ಕಡೀತಿತ್ತು, ಮಲಗಿದವರಿಗೆ ಎಚ್ಚರ ಆಗ್ತಿರಲಿಲ್ಲ. ಇದಕ್ಕ ಔಷಧ ಏನು? ಬೆಕ್ಕು! ಮನೀಗೆ ಹೋಗೂ ರೋಗಿ ಜೋಡಿ ಒಂದು ಬೆಕ್ಕು ಕಳಸೋ ಪದ್ಧತಿ ಹಾಕಿದರು. ಇಂಥಾ ಉಪಾಯ ದೊಡ್ಡ ಪುಸ್ತಕದಾಗ ಇರಂಗಿಲ್ಲ, ಬಡವರ ಗುಡಸಲದಾಗ ಕೂತು ನೋಡಿದವರಿಗೇ ಹೊಳೀತದ.

ಪಾಲ್ ಅವರಿಗೂ ಒಮ್ಮೆ ಇದರ ಅಂಜಿಕಿ ಮುಟ್ಟಿತು. 1950ರ ದಶಕದಾಗ ಇಂಗ್ಲಂಡಿಗೆ ಹೋದಾಗ, ರೈಲಿನ ಪ್ರಯಾಣ ಮುಗಿಸಿ ರಾತ್ರಿ ಕಾಲ್ಚೀಲಾ ತಗದ್ರ ಹಿಮ್ಮಡಿಗೆ ಸ್ಪರ್ಶನೇ ಇಲ್ಲ. ಸೂಜಿ ಚುಚ್ಚಿಕೊಂಡರು, ಗೊತ್ತಾಗಲಿಲ್ಲ. ವರ್ಷಗಟ್ಟಲೆ ಕುಷ್ಠರೋಗಿಗಳ ನಡುವ ಇದ್ದವರು, ನನಗೂ ಬಂತು ಅಂತ ರಾತ್ರಿ ಪೂರ್ತಿ ಕಣ್ಣು ಮುಚ್ಚಲಿಲ್ಲ. ಹೆಂಡ್ತಿ ಮಕ್ಕಳಿಂದ ದೂರ ಇರಬೇಕಾಗ್ತದೋ ಏನೋ ಅಂತ ಸಂಕಟ. ಮುಂಜಾನೆ ಮತ್ತ ಸೂಜಿ ಚುಚ್ಚಿದ್ರ ಚೀರೂ ಹಂಗ ನೋವು! ರೈಲಿನ್ಯಾಗ ಒಂದೇ ಮಗ್ಗಲಿಗೆ ಕೂತು ನರಾ ಜೋಮು ಹಿಡದಿತ್ತು, ಅಷ್ಟೇ. ಆ ಚುಚ್ಚಿದ ನೋವಿಗೆ ಅವರು ದೇವರಿಗೆ ಕೈ ಮುಗದರು. ಮುಂದ ನೋವು ಅನ್ನೋದು ದೇವರು ಕೊಟ್ಟ ಕಾಣಿಕಿ ಅಂತನೇ ಜೀವನ ಪೂರ್ತಿ ಹೇಳಿದರು, ಬರದರು.

ಈಗ ಮಾರ್ಗರೇಟ್ ಬಾಯಿ ಕಡೆ ಬರೋಣ. ಇಂಥಾ ಕತಿಯೊಳಗ ಗಂಡನ ಹೆಸರು ದೊಡ್ಡ ಅಕ್ಷರದಾಗ, ಹೆಂಡ್ತೀದು ಕಂಸದಾಗ ಇರ್ತದ, ನಿಮಗ ಗೊತ್ತದ. ಮಾರ್ಗರೇಟ್ ಸಾದಾ ಡಾಕ್ಟರ್. ವೆಲ್ಲೂರಿಗೆ ಬಂದಮ್ಯಾಲೆ ಕಣ್ಣಿನ ವಿಭಾಗಕ್ಕ ಮಂದಿ ಸಾಲವಲ್ಲರು ಅಂತ ಈಕೀಗೆ ಹೇಳಿ ಕಳಸಿದರು. 'ನನಗ ಕಣ್ಣಿನ ವಿಷಯ ಏನೂ ಗೊತ್ತಿಲ್ಲ' ಅಂತ ಚೀಟಿ ಬರದು ಕೊಟ್ಟರು. 'ಕಲೀತಿ ಬಿಡು, ಸೋಮವಾರ ಬಾ' ಅನ್ನೋ ಅರ್ಥದ ಉತ್ತರ ಬಂತು! ಸಣ್ಣ ಮಕ್ಕಳ ತಾಯಿ, ಮುಂಜಾನಿಂದ ಸಂಜೀತನಕ ಸಾಲು ನಿಂತ ರೋಗಿಗಳ ನಡುವೇ ಕಲತರು. ಹಳ್ಳಿ ಹಳ್ಳಿಗೆ ಕಣ್ಣಿನ ಶಿಬಿರಕ್ಕ ಹೋಗಿ, ಸಾಲಿ ಖೋಲಿಯೊಳಗ ಮೇಜು ಹಾಕಿ ಮೋತಿಬಿಂದು ತಗದರು.

ಮುಂದ ಕುಷ್ಠರೋಗಿಗಳ ಕಣ್ಣು ನೋಡ್ಲಿಕ್ಕೆ ಹತ್ತಿದಾಗ ಈಕೀಗೂ ಅದೇ ಗುಟ್ಟು ಕಂಡಿತು. ನಾವು ನಿಮಿಷಕ್ಕ ಎಷ್ಟೋ ಸಲ ಕಣ್ಣು ಮಿಟಕಸತೀವಿ, ಲೆಕ್ಕ ಇಡಂಗಿಲ್ಲ. ಒಂದು ಸಣ್ಣ ಕಸರು ಬಿದ್ರ ರೆಪ್ಪಿ ತಾನೇ ಮುಚ್ಚತದ, ನೀರು ಬರ್ತದ. ಇವರಿಗೆ ಕಣ್ಣಿಗೆ ನೋವಿಲ್ಲ, ರೆಪ್ಪಿ ಮುಚ್ಚೋ ನರಾನೂ ಕೆಲಸ ಮಾಡಂಗಿಲ್ಲ. ಹಗಲೂ ರಾತ್ರಿ ತೆರದೇ ಇದ್ದ ಕಣ್ಣು ಒಣಗಿ, ಧೂಳು ಕುಂತು, ಹುಣ್ಣಾಗಿ ಕುರುಡ ಆಗ್ತದ. ಕೈಗೂ ಸ್ಪರ್ಶ ಇಲ್ಲ, ಕಣ್ಣೂ ಹೋತಂದ್ರ ಉಳದದ್ದು ಏನ್ರಿ? ನಮ್ಮ ಕುರುಡರು ಮುಟ್ಟಿ ತಿಳಕೋತಾರ, ಇವರಿಗೆ ಆ ದಾರೀನೂ ಬಂದ್.

ಇದಕ್ಕ ಮಾಡ್ತಿದ್ದ ಶಸ್ತ್ರಚಿಕಿತ್ಸೆ ಕೇಳಿದ್ರ ಬೆರಗಾಗ್ತದ. ನಾವು ಅಗಿಯೂ ಮುಂದ ಕಣತಲಿ ಮ್ಯಾಲೆ ಒಂದು ಸ್ನಾಯು ಏಳ್ತದಲಾ, ಕೈ ಇಟ್ಟು ನೋಡ್ರಿ. ಅದರ ಒಂದು ಪಟ್ಟಿ ತಗದು ರೆಪ್ಪಿಗೆ ಜೋಡಿಸೋದು. ಆಮ್ಯಾಲೆ ಬಾಯಿ ಅಗದಾಗೊಮ್ಮೆ ಕಣ್ಣು ಮುಚ್ಚತದ. ಅದಕ್ಕ ಅವರಿಗೆ ಅಗಿಯೋ ಗಮ್ಮು ಕೊಟ್ಟು, 'ಅಗೀತಿರು, ನೆನಪಿಟ್ಟು ಅಗಿ' ಅಂತ ಕಲಸೋದು. ರೆಪ್ಪಿ ತಾನೇ ಬಡಿಯೋದು ಎಂಥಾ ಭಾಗ್ಯ ಅನ್ನೋದು ಈ ಮಾತು ಓದಿದಮ್ಯಾಲೇ ನನಗ ಗೊತ್ತಾತು. ರೋಗದಾಗ ಹುಬ್ಬಿನ ಕೂದಲಾ ಉದರಿ ಹೋಗಿರ್ತಾವ, ನೋಡಿದ ಕೂಡಲೇ ಮಂದಿ ಗುರ್ತು ಹಿಡೀತಾರ. ಅದಕ್ಕ ತಲೀ ಚರ್ಮ ತಂದು ಹುಬ್ಬಿನ ಜಾಗಾದಾಗ ಕೂಡಸ್ತಿದ್ದರು. ತಲೀಕೂದಲಲ್ರಿ ಅದು, ಬೆಳೀತನೇ ಇರ್ತಿತ್ತು. ಕೆಲವರು ಕತ್ತರಸಲಿಕ್ಕೇ ಒಲ್ಲರಂತ. ಹುಬ್ಬು ಬಂದಾವಲ್ಲ ಅನ್ನೋ ಖುಷಿಗೆ ಉದ್ದ ಬಿಟ್ಟುಗೊಂಡು ತಿರಗತಿದ್ದರಂತ.

ಇದೇ ದವಾಖಾನ್ಯಾಗಿನ ಇನ್ನೊಬ್ಬಾಕಿ ಬಗ್ಗೆ ಹೇಳದಿದ್ರ ಕತಿ ಅರ್ಧ ಆಗ್ತದ. ಮೇರಿ ವರ್ಗೀಸ್, ಕೇರಳದ ಹುಡಗಿ, ಎಳೇ ವಯಸ್ಸಿನ ಡಾಕ್ಟರ್. 1954ರಾಗ ಗಾಡಿ ಅಪಘಾತದಾಗ ಬೆನ್ನು ಮುರದು, ಸೊಂಟದ ಕೆಳಗ ಜೀವನೇ ಹೋತು. ಎಲ್ಲಾ ಮುಗೀತು ಅನ್ನೋ ಹೊತ್ತಿಗೆ ಪಾಲ್ ಬ್ರ್ಯಾಂಡ್ ಆಕೀಗೆ, ಗಾಲಿಕುರ್ಚಿಯಾಗ ಕೂತೇ ಕುಷ್ಠರೋಗಿಗಳ ಕೈ ಶಸ್ತ್ರಚಿಕಿತ್ಸೆ ಮಾಡಬಹುದು ಅಂತ ದಾರಿ ತೋರಿಸಿದರು. ಆಕಿ ಮಾಡಿ ತೋರಿಸಿದಳು. ಮುಂದ ವೆಲ್ಲೂರಿನ್ಯಾಗ ಅಂಗವಿಕಲರ ಪುನರ್ವಸತಿ ವಿಭಾಗ ಕಟ್ಟಿದರು, 1972ರಾಗ ಪದ್ಮಶ್ರೀ ಬಂತು. ಕಾಲಿಲ್ಲದ ಡಾಕ್ಟರ್ ಕೈಯಿಲ್ಲದವರಿಗೆ ಕೈ ಕೊಟ್ಟಾಗ, 'ನನ್ನ ಕೈಲೆ ಆಗಂಗಿಲ್ಲ' ಅನ್ಲಿಕ್ಕೆ ಆ ರೋಗಿಗೆ ಬಾಯಿ ಎಲ್ಲಿಂದ ಬರಬೇಕು?

1966ರಾಗ ಬ್ರ್ಯಾಂಡ್ ಗಂಡಾ-ಹೆಂಡ್ತಿ ಅಮೇರಿಕಾಕ್ಕ ಹೋದರು. ಲೂಯಿಸಿಯಾನಾದ ಕಾರ್ವಿಲ್ ಅನ್ನೋ ಊರಾಗ ಅಲ್ಲಿಯ ಸರಕಾರದ ಕುಷ್ಠರೋಗ ದವಾಖಾನಿ. ಇಬ್ಬರೂ ಅಲ್ಲಿ ಇಪ್ಪತ್ತು ವರ್ಷ ದುಡದರು, ಆಕಿ ಕಣ್ಣು, ಅವರು ಕೈಕಾಲು. ಇಲ್ಲೇ ಈ ಕತಿ ನಮ್ಮ ಮನೀಗೆ ತಿರಗತದ. ಅಮೇರಿಕಾದಾಗ ಕುಷ್ಠರೋಗ ಕಡಿಮಿ, ಸಕ್ಕರಿ ಕಾಯಿಲೆ ಭಾಳ. ಸಕ್ಕರಿ ಕಾಯಿಲೆ ಬಂದು ವರ್ಷಗಟ್ಟಲೆ ಆದಮ್ಯಾಲೆ ಕಾಲಿನ ನರಾ ಸಾಯ್ತಾವ, ನೋವು ಗೊತ್ತಾಗಂಗಿಲ್ಲ, ಹುಣ್ಣಾಗ್ತದ, ಕೊನೀಗೆ ಕಾಲು ಕತ್ತರಸ್ತಾರ. ಪಾಲ್ ನೋಡಿದ್ರ ಇದು ವೆಲ್ಲೂರಿನ್ಯಾಗ ಕಂಡ ಕಾಲೇ! ಅಲ್ಲಿ ಬರಿಗಾಲಿನ ಬಡವರಿಗೆ ಮೆತ್ತನ್ನ ರಬ್ಬರಿನ ಚಪ್ಪಲಿ ಮಾಡಿ, ಪ್ಲಾಸ್ಟರ್ ಹಾಕಿ ಕಲತ ಪಾಠನೇ ಇಲ್ಲಿ ಶ್ರೀಮಂತರ ಕಾಲು ಉಳಿಸಿತು. ಇವತ್ತ ಸಕ್ಕರಿ ಡಾಕ್ಟರ್ ಅಂಗಾಲಿಗೆ ಸಣ್ಣ ನೈಲಾನ್ ದಾರ ಒತ್ತಿ 'ಗೊತ್ತಾಗ್ತದೇನು?' ಅಂತ ಕೇಳ್ತಾರ ನೋಡ್ರಿ, ಆ ಪದ್ಧತಿ ಬೆಳಸಿದ್ದರಾಗ ಕಾರ್ವಿಲ್ಲಿನವರ ಪಾಲು ದೊಡ್ಡದು. ಊರು ಬಿಟ್ಟು ಹೊರಗ ಹಾಕಿದ ಮಂದಿ ಕಾಲು, ಇವತ್ತ ನಮ್ಮ ಅತ್ತಿ-ಮಾವನ ಕಾಲು ಕಾಯಲಿಕತ್ತದ. ನಾವು ಅವರ ಋಣದಾಗ ಇದ್ದೀವಿ.

ನಮ್ಮ ಅತ್ತೀಗೂ ಸಕ್ಕರಿ. ಅದಕ್ಕ ನಮ್ಮ ಮನ್ಯಾಗ ನಡಸೋದನ್ನೇ ನಿಮಗೂ ಹೇಳ್ತೀನಿ. ದಿನಾ ರಾತ್ರಿ ಅಂಗಾಲು, ಬಟ್ಟಿನ ಸಂದಿ ದೀಪದ ಬೆಳಕಿಗೆ ನೋಡಬೇಕು. ಬಗ್ಗಲಿಕ್ಕೆ ಬರದಿದ್ದವರು ಕೆಳಗ ಕನ್ನಡಿ ಇಟ್ಟು ನೋಡಬೇಕು. ಬಟ್ಟಿನ ಸಂದಿ ಒರಸಿ ಒಣಗಸಬೇಕು. ಮನ್ಯಾಗೂ ಬರಿಗಾಲಿಲೆ ಅಡ್ಡಾಡಬಾರದು. ಚಪ್ಪಲಿ ಬೂಟು ಹಾಕ್ಕೊಳ್ಳೂ ಮುಂದ ಜಾಡಿಸಿ, ಒಳಗ ಕೈಯಾಡಿಸಿ ನೋಡಬೇಕು. ಎರಕೊಳ್ಳೋ ನೀರಿನ ಬಿಸಿ ಕಾಲಿಲೆ ಅಲ್ಲ, ಮೊಳಕೈಲೆ ನೋಡಬೇಕು. ಬಿಸಿ ನೀರಿನ ಚೀಲದ ಶಾಖ ಕಾಲಿಗೆ ಬ್ಯಾಡೇ ಬ್ಯಾಡ. ಆಣಿ ಆದ್ರ ಬ್ಲೇಡಿಲೆ ಮನ್ಯಾಗ ಕೊಯ್ಕೋಬಾರದು. ಸಣ್ಣ ಗಾಯ ಆದ್ರೂ 'ನೋವಿಲ್ಲ ಬಿಡು' ಅನ್ನಬಾರದು. ನೋವಿಲ್ಲ ಅನ್ನೋದೇ ಅಲ್ಲಿ ಅಂಜಬೇಕಾದ ಮಾತು, ಡಾಕ್ಟರ ಕಡೆ ಹೋಗಬೇಕು. ಅತ್ತಿ ಮೊದಮೊದಲ 'ಸೊಸಿ ಕೈಲೆ ಕಾಲು ಮುಟ್ಟಿಸಿಕೊಳ್ಳೋದೇನವ್ವ ದಿನಾ' ಅಂತ ಸಂಕೋಚ ಮಾಡಿಕೊಂಡ್ರು. ಈಗ ಊಟ ಆದ ಕೂಡಲೇ ತಾವೇ ಕಾಲು ಚಾಚತಾರ.

ಇನ್ನ ಕುಷ್ಠರೋಗದ ಮಾತು. ಮುಟ್ಟಿದ್ರ ಬರ್ತದ, ಪಾಪದ ಫಲ ಅನ್ನೋ ಮಾತು ಇನ್ನೂ ನಮ್ಮ ಬಾಯಾಗ ಅವ. ಅದು ಒಂದು ಕ್ರಿಮಿ, ಸುಲಭಕ್ಕ ಹತ್ತಂಗಿಲ್ಲ. 1980ರ ದಶಕದಿಂದ ಎರಡು-ಮೂರು ಔಷಧ ಕೂಡಿಸಿ ಕೊಡ್ತಾರ, ಆರು ತಿಂಗಳಾ ಇಲ್ಲಾ ವರ್ಷದಾಗ ಪೂರ್ತಿ ವಾಸಿ, ಸರಕಾರಿ ದವಾಖಾನ್ಯಾಗ ಪುಕ್ಕಟ. ಮೈಮ್ಯಾಲೆ ಬಣ್ಣ ತಿಳಿಯಾದ ಇಲ್ಲಾ ಕೆಂಪಾದ ಮಚ್ಚಿ, ಅಲ್ಲಿ ಸ್ಪರ್ಶ ಇಲ್ಲಾಂದ್ರ ತೋರಿಸಬೇಕು. ಬೆಳ್ಳಗಾಗೋ ತೊನ್ನು ಬ್ಯಾರೆ, ಅದಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಮತ್ತೊಂದು ಮಾತು ಹೆಣ್ಮಕ್ಕಳಿಗೆ ಗೊತ್ತಿರಲಿ. ಈ ರೋಗ ಬಂತಂತ ಗಂಡಾ ಹೆಂಡ್ತೀಗೆ, ಹೆಂಡ್ತಿ ಗಂಡಗ ವಿಚ್ಛೇದನ ಕೊಡಲಿಕ್ಕೆ ನಮ್ಮ ಕಾನೂನಿನ್ಯಾಗ ಅವಕಾಶ ಇತ್ತು. ಅದನ್ನ ತಗದು ಹಾಕಿದ್ದು 2019ರಾಗ. ವಾಸಿ ಆಗೋ ಔಷಧ ಬಂದು ಎಷ್ಟೋ ವರ್ಷ ಆದಮ್ಯಾಲೆ!

ಪಾಲ್ ಬ್ರ್ಯಾಂಡ್ 2003ರಾಗ ತೀರಿಕೊಂಡರು. ದೊಡ್ಡ ದೊಡ್ಡ ಪ್ರಶಸ್ತಿ ಬಂದಾವ, ಅದನ್ನ ನಾ ಬರ್ಯಂಗಿಲ್ಲ. ನನಗ ದೊಡ್ಡದಾಗಿ ಕಂಡದ್ದು ಇಷ್ಟೇ. ಇಬ್ಬರೂ ಕೈ, ಕಾಲು, ಕಣ್ಣಿನ ರೆಪ್ಪಿ, ಚಪ್ಪಲಿ, ಬೆಕ್ಕು, ಇಂಥಾ ದಿನಾ ಕಣ್ಣಿಗೆ ಬೀಳೋ ಸಣ್ಣ ಸಂಗತಿ ನೋಡಿಕೋತ ಜೀವ ಸವಸಿದರು. ತಮ್ಮ ನೋವು ತಮಗ ಗೊತ್ತಾಗದವರ ಪರವಾಗಿ ಇನ್ನೊಬ್ಬರು ನೋಡಬೇಕು, ಇನ್ನೊಬ್ಬರು ಹೇಳಬೇಕು. ಮನ್ಯಾಗಿನ ಮುದಕರಿಗೆ ನಾವು ಮಾಡೋದೂ ಅದೇ ಕೆಲಸ ಅಲ್ಲೇನ್ರಿ? ಊಟಾ ಮುಗದಿದ್ರ ಈಗೇ ಎದ್ದು ಹೋಗ್ರಿ. ಅವ್ವನ ಕಾಲೋ, ಅತ್ತೀ ಕಾಲೋ, ತೊಡಿ ಮ್ಯಾಲೆ ಇಟ್ಟುಗೊಂಡು ಅಂಗಾಲು ನೋಡಿ ಬರ್ರಿ.